ದಮ್ಮು ಮುಂದೆ, ಮೂಳೆ ಹಿಂದೆ: ಹತ್ತು ವಾರದ ಅಂತರದಲ್ಲಿ ಟ್ರಯಾಥ್ಲಾನ್ ಮತ್ತು ಮ್ಯಾರಥಾನ್

ಗೋವಾದ ಮಿರಾಮಾರ್ ಕಡಲತೀರದಲ್ಲಿ ಅರ್ಧ ಐರನ್‌ಮ್ಯಾನ್ ಎಂಬ ಟ್ರಯಾಥ್ಲಾನ್: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅದಾಗಿ ಹತ್ತು ವಾರಕ್ಕೆ, ಜನವರಿಯ ಮೂರನೇ ಭಾನುವಾರ, ಮುಂಬಯಿಯಲ್ಲಿ 42.195 ಕಿ.ಮೀ. ಮ್ಯಾರಥಾನ್. ಬೆಂಗಳೂರಿನ ಓಟದ ಗುಂಪುಗಳಲ್ಲಿ ಈ ಜೋಡಿ ಈಗ ಅಪರೂಪವೇನಲ್ಲ. ಆರು ತಿಂಗಳು ಬೆವರು ಸುರಿಸಿ ಮೈ ಹದಕ್ಕೆ ಬಂದಿರುತ್ತದೆ, ಅದೇ ಹದದಲ್ಲಿ ಇನ್ನೊಂದು ಪದಕವೂ ಬಂದುಬಿಡಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಎಡವುವುದು ಆ ಹತ್ತು ವಾರದ ಮೊದಲ ಐದರಲ್ಲಿ, ಅದೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ.

ಆ ಒಂದು ರೀತಿಯನ್ನು ಇಲ್ಲಿ ಒಬ್ಬ ಓಟಗಾರ್ತಿಯ ಎರಡು ಸೀಸನ್‌ಗಳ ಮೇಲಿಟ್ಟು ಬಿಡಿಸಿದ್ದೇವೆ. ವ್ಯಕ್ತಿ ಕಲ್ಪಿತ, ಪರಿಸ್ಥಿತಿ ಅಲ್ಲ. ವಯಸ್ಸು 37, ಬ್ಯಾಂಕಿನಲ್ಲಿ ಅಧಿಕಾರಿ, ಮನೆ ಜಯನಗರ, ಕಚೇರಿ ಎಂ.ಜಿ. ರಸ್ತೆ. ಸಸ್ಯಾಹಾರಿ, ತೂಕ 58 ಕೆ.ಜಿ. ನಾಲ್ಕು ವರ್ಷದಿಂದ ಲಾಲ್‌ಬಾಗಿನಲ್ಲಿ ಓಟ, ಹಿಂದಿನ ಮ್ಯಾರಥಾನ್ 4 ಗಂಟೆ 25 ನಿಮಿಷ. ಮುಂಬಯಿಯಲ್ಲಿ 4 ಗಂಟೆ 10 ನಿಮಿಷದ ಗುರಿ, ಅಂದರೆ ಕಿ.ಮೀ.ಗೆ 5 ನಿಮಿಷ 55 ಸೆಕೆಂಡು.

ಮೊದಲ ಸೀಸನ್

ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಸುಮಾರು 11 ಗಂಟೆ ತಾಲೀಮು. ಈಜು 2 ಗಂಟೆ, ಸೈಕಲ್ 6 ಗಂಟೆ, ಓಟ 3 ಗಂಟೆ. ಓಟ ವಾರಕ್ಕೆ 26 ಕಿ.ಮೀ. ಆಸುಪಾಸು, ಒಂದೇ ಸಲಕ್ಕೆ ಓಡಿದ್ದು ಹೆಚ್ಚೆಂದರೆ 16. ಟ್ರಯಾಥ್ಲಾನ್ ಮಟ್ಟಿಗೆ ಇದು ಕೆಟ್ಟ ಹಂಚಿಕೆಯಲ್ಲ. ಗೋವಾದಲ್ಲಿ ಆರೂವರೆ ಗಂಟೆಯೊಳಗೆ ನಗುನಗುತ್ತಲೇ ಮುಗಿಸಿದರು.

ಬಂದ ಮೇಲೆ ಒಂದು ವಾರ ವಿಶ್ರಾಂತಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಈಜುಕೊಳದ ಪಾಸ್ ನವೀಕರಿಸದೆ, ಇನ್ನು ಓಟ ಮಾತ್ರ ಎಂದು ಹೊರಟರು. ಎರಡನೇ ವಾರ 38 ಕಿ.ಮೀ., ಅದರಲ್ಲಿ ಲಾಂಗ್ ರನ್ (ವಾರದ ಅತಿ ಉದ್ದದ ಓಟ) 18. ಮೂರನೇ ವಾರ 48, ಲಾಂಗ್ ರನ್ 24. ನಾಲ್ಕನೇ ವಾರ 56, ಲಾಂಗ್ ರನ್ 30. ಎಲ್ಲವೂ ಹಗುರವಾಗಿ ಬಂತು. 24 ಕಿ.ಮೀ. ಮುಗಿಸಿದಾಗ ಎದೆಬಡಿತ ಕಳೆದ ವರ್ಷದ ಅದೇ ವೇಗಕ್ಕಿಂತ ಎಂಟು ಹತ್ತು ಕಡಿಮೆ. ವಾಚು ತೋರಿಸುವ ವಾರದ ಲೋಡ್ (ಒಟ್ಟು ಶ್ರಮದ ಅಂಕಿ) ಟ್ರಯಾಥ್ಲಾನ್ ದಿನಗಳಿಗಿಂತ ಕೆಳಗೇ ಇತ್ತು, ಬಣ್ಣ ಹಸಿರು.

ನಾಲ್ಕನೇ ವಾರದ ಕೊನೆಗೆ ಬಲಗಾಲಿನ ಒಳಬದಿಯಲ್ಲಿ, ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ, ನೋವು ಕಾಣಿಸಿತು. ಗುಂಪಿನಲ್ಲಿ ಸಿಕ್ಕಿದ ಸಲಹೆ: "ಶಿನ್ ಸ್ಪ್ಲಿಂಟ್ ಅಷ್ಟೇ ಕಣೇ, ಐಸ್ ಇಡು, ಹೋಗತ್ತೆ." ಶಿನ್ ಸ್ಪ್ಲಿಂಟ್ ಎಂದರೆ ಓಟಗಾರರಿಗೆ ಮೊಣಕಾಲ ಕೆಳಗಿನ ಮೂಳೆಯ ಅಂಚಿನಲ್ಲಿ ಬರುವ ಮಾಮೂಲಿ ನೋವು. ಐಸ್ ಇಟ್ಟರು, ನೋವಿನ ಮಾತ್ರೆ ನುಂಗಿ ಐದನೇ ವಾರ 28 ಕಿ.ಮೀ. ಓಡಿದರು. ಆ ರಾತ್ರಿ ಹಾಸಿಗೆಯಲ್ಲೂ ಕಾಲು ಮಿಡಿಯಿತು.

ವಾಚು ಎಣಿಸದ್ದು

ಈ ಪ್ರಕರಣದ ತಿರುಳಿರುವುದು ಆ ಹಸಿರು ಬಣ್ಣದಲ್ಲಿ. ವಾಚಿನ ಲೋಡ್ ಲೆಕ್ಕ ಎದೆಬಡಿತ ಮತ್ತು ಸಮಯದ ಮೇಲೆ ನಿಂತಿದೆ. ಹೃದಯಕ್ಕೆ ಸೈಕಲ್ ಆದರೇನು, ಓಟವಾದರೇನು, ದುಡಿಮೆ ದುಡಿಮೆಯೇ. ಮೊಣಕಾಲಿನ ಕೆಳಗಿನ ಮೂಳೆಗೆ ಹಾಗಲ್ಲ. ಸೀಟಿನ ಮೇಲೆ ಕೂತು ಆರು ಗಂಟೆ ತುಳಿದರೂ ಅದಕ್ಕೆ ಒಂದು ಹೊಡೆತ ಬೀಳುವುದಿಲ್ಲ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ನೆಲದಿಂದ ವಾಪಸ್ ಬರುತ್ತದೆ. ಮೇಲಿಂದ ಮೀನಖಂಡದ ಸ್ನಾಯು ಮೂಳೆಯನ್ನು ಎಳೆದು ಬಾಗಿಸುತ್ತದೆ.

ಈಗ ಹೆಜ್ಜೆಯಲ್ಲಿ ಎಣಿಸೋಣ. ನಿಮಿಷಕ್ಕೆ 170 ಹೆಜ್ಜೆ, ಕಿ.ಮೀ.ಗೆ 6 ನಿಮಿಷ 50 ಸೆಕೆಂಡಿನ ಸಲೀಸು ಓಟ: ಕಿ.ಮೀ.ಗೆ ಸುಮಾರು 1,160 ಹೆಜ್ಜೆ. ವಾರಕ್ಕೆ 26 ಕಿ.ಮೀ. ಎಂದರೆ 30,000. 56 ಕಿ.ಮೀ. ಎಂದರೆ 65,000. ಇವರ ಮಟ್ಟಿಗೆ ತಾಲೀಮು 11 ಗಂಟೆಯಿಂದ ಆರೂವರೆಗೆ ಇಳಿದಿತ್ತು, ಮೂಳೆಯ ಮಟ್ಟಿಗೆ ಕೆಲಸ ಎರಡರಷ್ಟಾಗಿತ್ತು. ಅದೂ ಮೂರು ವಾರದಲ್ಲಿ.

ಮನೆ ರಿಪೇರಿ ಮಾಡಿಸಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಒಡೆಯುತ್ತದೆ, ಆಮೇಲೆ ಕಟ್ಟುತ್ತದೆ. ಒಡೆಯುವ ಕೆಲಸ ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ. ಹೊಸದು ತುಂಬಿ ಗಟ್ಟಿಯಾಗಲು ಮೂರು ತಿಂಗಳಷ್ಟು ಬೇಕು. ಹಾಗಾಗಿ ಓಟ ಏರಿಸಿದ ಮೂರರಿಂದ ಐದನೇ ವಾರದವರೆಗೆ ಮೂಳೆ ಮೊದಲಿಗಿಂತಲೂ ಸಡಿಲವಾಗಿರುತ್ತದೆ. ಗೋಡೆ ಒಡೆದು, ಗಾರೆಯವರು ಇನ್ನೂ ಬರದ ಸ್ಥಿತಿ. ಇವರು 30 ಕಿ.ಮೀ. ಓಡಿದ್ದು ಸರಿಯಾಗಿ ಆ ದಿನಗಳಲ್ಲಿ. ಸುಮ್ಮನೆ ಓಟಗಾರ್ತಿಯಾಗಿಯೇ ಉಳಿದಿದ್ದರೆ ಇಷ್ಟು ಬೇಗ 30 ಕಿ.ಮೀ.ಗೆ ಏರದಂತೆ ಏದುಸಿರೇ ತಡೆಯುತ್ತಿತ್ತು. ಸೈಕಲ್ ಕೊಟ್ಟ ದಮ್ಮು ಆ ತಡೆಯನ್ನು ತೆಗೆದುಹಾಕಿತ್ತು.

ರಸ್ತೆಯ ಅಂಚಿನ ವಾಲಿಕೆಯೂ ಒಂದಿಷ್ಟು ಸೇರಿರಬಹುದು. ಫುಟ್‌ಪಾತ್ ಬಿಟ್ಟು, ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿದರೆ ಬಲಗಾಲು ಯಾವಾಗಲೂ ತಗ್ಗಿಗೆ ಬೀಳುತ್ತದೆ. ಆದರೆ ಅದೇ ಕಾರಣ ಎನ್ನಲು ಆಧಾರ ಸಾಲದು. ಎಲ್ಲ ತಪ್ಪನ್ನೂ ಪಾಲಿಕೆಯ ತಲೆಗೆ ಕಟ್ಟುವುದು ಬೇಡ.

ಗುರುತಿಸಿದ ಬಗೆ

ಶಿನ್ ಸ್ಪ್ಲಿಂಟ್ ಮತ್ತು ಮೂಳೆಯ ಒತ್ತಡದ ಗಾಯ (ಮತ್ತೆ ಮತ್ತೆ ಬಿದ್ದ ಹೊಡೆತಕ್ಕೆ ಮೂಳೆಯೇ ಸೋಲುವುದು) ಎರಡೂ ಒಂದೇ ಜಾಗದಲ್ಲಿ ಬರುತ್ತವೆ. ಬೆರಳಿಟ್ಟು ನೋಡಿದರೆ ಬೇರೆ. ಮೂಳೆಯ ಒಳಅಂಚಿನುದ್ದಕ್ಕೂ ಐದು ಸೆಂ.ಮೀ.ಗಿಂತ ಹೆಚ್ಚು ಉದ್ದಕ್ಕೆ ನೋವು ಹರಡಿದ್ದರೆ, ಓಡಿ ಮೈ ಬಿಸಿಯಾದಂತೆ ಕಡಿಮೆಯಾದರೆ, ಬಹುಶಃ ಮೊದಲನೆಯದು. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದರೆ, ಓಡಿದಷ್ಟೂ ಏರಿದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಅದೇ ಜಾಗ ನೊಂದರೆ, ರಾತ್ರಿ ಸುಮ್ಮನೆ ಮಲಗಿದಾಗಲೂ ಮಿಡಿದರೆ, ಎರಡನೆಯದೆಂದು ತಿಳಿದು ಓಟ ನಿಲ್ಲಿಸಬೇಕು. ಇವರಲ್ಲಿ ನಾಲ್ಕೂ ಇದ್ದವು.

ಎಕ್ಸ್‌ರೇ ಏನೂ ತೋರಿಸಲಿಲ್ಲ. ತೋರಿಸುವುದೂ ಇಲ್ಲ: ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಇಂಥ ಗಾಯ ಸಾಮಾನ್ಯವಾಗಿ ಕಾಣುವುದಿಲ್ಲ. "ಎಕ್ಸ್‌ರೇ ನಾರ್ಮಲ್" ಎಂಬ ಚೀಟಿ ಹಿಡಿದು ಮತ್ತೆ ಓಡಿ ಬಿರುಕು ಮಾಡಿಕೊಳ್ಳುವವರು ಇರುವುದೇ ಇದರಿಂದ. ಎಂಆರ್‌ಐಯಲ್ಲಿ ಮಜ್ಜೆಯ ಊತ ಕಂಡಿತು, ಬಿರುಕಿನ ಗೆರೆ ಇರಲಿಲ್ಲ. ನಾಲ್ಕು ದರ್ಜೆಗಳಲ್ಲಿ ಎರಡನೆಯದು.

ವೈದ್ಯರು ಕೇಳಿದ ಮುಂದಿನ ಪ್ರಶ್ನೆ ಓಟದ ಬಗ್ಗೆ ಇರಲಿಲ್ಲ: ಮುಟ್ಟು ಎಷ್ಟು ದಿನಕ್ಕೊಮ್ಮೆ? ಆಗಸ್ಟ್‌ನಿಂದ 28 ದಿನ 40 ದಿನವಾಗಿತ್ತು. ತೂಕ 58ರಿಂದ 55ಕ್ಕೆ ಬಂದಿತ್ತು. ಅದನ್ನು ಇವರು ಫಿಟ್ ಆದ ಲಕ್ಷಣ ಎಂದುಕೊಂಡಿದ್ದರು, ಮನೆಯವರು ಹೊಗಳಿಯೂ ಇದ್ದರು. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 14, ವಿಟಮಿನ್ ಡಿ 16. ಎರಡೂ ಕಡಿಮೆ. ದಿನವಿಡೀ ಎಸಿ ಕಚೇರಿ, ಓಟ ಸೂರ್ಯ ಹುಟ್ಟುವ ಮೊದಲು; ಡಿ ಎಲ್ಲಿಂದ ಬರಬೇಕು?

ಶನಿವಾರದ ಊಟದ ಲೆಕ್ಕ ಬಿಡಿಸಿದಾಗ ಉಳಿದದ್ದೂ ತಿಳಿಯಿತು. ಬೆಳಗ್ಗೆ ಐದಕ್ಕೆ ಬರೀ ಕಾಫಿ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಕಡೆಗೆ ಹೋಗಿ ಬಂದ ಮೂರೂವರೆ ಗಂಟೆಯ ಸವಾರಿಯಲ್ಲಿ ಒಂದು ಬಾಳೆಹಣ್ಣು, ಅರ್ಧ ಬಾಟಲಿ ನೀರು. ವಾಪಸ್ ಬರುತ್ತ ದರ್ಶಿನಿಯಲ್ಲಿ ಎರಡು ಇಡ್ಲಿ, ಒಂದು ವಡೆ, ಮತ್ತೆ ಕಾಫಿ. ಮಧ್ಯಾಹ್ನ, ರಾತ್ರಿ ಮಾಮೂಲಿ ಊಟ. ಒಟ್ಟು 1,900 ಕ್ಯಾಲೊರಿ ಹಿಡಿಯೋಣ. ಸವಾರಿಗೇ 1,400 ಹೋಯಿತು. ಉಳಿದ 500ರಲ್ಲಿ ಉಸಿರಾಟ, ಮಿದುಳು, ಹಾರ್ಮೋನು, ಮೂಳೆ ಎಲ್ಲ ನಡೆಯಬೇಕು. ಕೊಬ್ಬು ಬಿಟ್ಟು ಉಳಿದ ಮೈತೂಕ 44 ಕೆ.ಜಿ. ಎಂದರೆ ಕೆ.ಜಿ.ಗೆ 11 ಕ್ಯಾಲೊರಿ. ಸಾಮಾನ್ಯವಾಗಿ 45 ಬೇಕು, ಬಹಳ ದಿನ 30ರ ಕೆಳಗೆ ಹೋದರೆ ದೇಹ ಮೊದಲು ಮುಟ್ಟನ್ನು ಹಿಂದಕ್ಕೆ ಹಾಕುತ್ತದೆ, ಆಮೇಲೆ ಮೂಳೆಯ ಕೆಲಸವನ್ನು. ಗಾರೆಯವರಿಗೆ ಬರಲು ಸಿಮೆಂಟೇ ಇರಲಿಲ್ಲ.

ಜನವರಿಗೆ ಏನು ಮಾಡುವುದು?

ಸ್ಪರ್ಧೆಗೆ ಐದು ವಾರವೂ ಉಳಿದಿರಲಿಲ್ಲ. ಮೂರು ದಾರಿ ಚರ್ಚೆಗೆ ಬಂದವು: ಪೂರ್ತಿ ಬಿಡುವುದು, ನಡೆದು ಓಡಿ ಮುಗಿಸುವುದು, ಈಜು ಸೈಕಲ್ಲಿನಲ್ಲಿ ದಮ್ಮು ಉಳಿಸಿಕೊಂಡು ಓಡದೆಯೇ ಸ್ಪರ್ಧೆಗೆ ನಿಲ್ಲುವುದು. ಮೂರನೆಯದು ಕೇಳಲು ಜಾಣತನ ಎನಿಸುತ್ತದೆ. ಆದರೆ 4 ಗಂಟೆ 10 ನಿಮಿಷಕ್ಕೆ 42,500 ಹೆಜ್ಜೆ ಬೇಕು. ಐದು ವಾರ ಒಂದೂ ಹೆಜ್ಜೆ ಓಡದ ಮೂಳೆಗೆ ಅಷ್ಟನ್ನೂ ಒಂದೇ ಬೆಳಗಿನಲ್ಲಿ ಕೊಡುವುದು ಮೊದಲ ತಪ್ಪಿನದೇ ದೊಡ್ಡ ರೂಪ. ನಡೆದು ಓಡುವುದರಲ್ಲೂ ಹೆಜ್ಜೆ ಕಡಿಮೆಯಾಗುವುದಿಲ್ಲ, ರಭಸ ಮಾತ್ರ ಸ್ವಲ್ಪ ಇಳಿಯುತ್ತದೆ. ಬಿಟ್ಟದ್ದು ಸರಿ. ನಮ್ಮ ಅಭಿಪ್ರಾಯದಲ್ಲಿ ಎರಡನೇ ದರ್ಜೆಯ ಗಾಯಕ್ಕೆ ಬೇರೆ ಉತ್ತರವಿಲ್ಲ.

ವಾಪಸಾತಿ ಎಂಟು ವಾರ ಹಿಡಿಯಿತು. ಮೊದಲ ಎರಡು ವಾರ ಓಟ ಸಂಪೂರ್ಣ ಬಂದ್. ಈಜಿಗೆ ತೊಡೆಗಳ ನಡುವೆ ಪುಲ್ ಬಾಯ್ (ತೇಲಿಸುವ ಫೋಮ್ ತುಂಡು) ಇಟ್ಟು ಕೈಯಿಂದ ಮಾತ್ರ, ಗೋಡೆಗೆ ಬಲಗಾಲಿನಿಂದ ಜೋರಾಗಿ ಒದೆಯದೆ. ಸೈಕಲ್ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ ಕೂತೇ, ಎದ್ದು ತುಳಿಯದೆ. ಆಳದ ನೀರಿನಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿ ಓಡುವುದು ಒಳ್ಳೆಯ ಬದಲಿ, ಆದರೆ ಬ್ಯಾಚ್ ಲೆಕ್ಕದಲ್ಲಿ ನಡೆಯುವ ಕೊಳಗಳಲ್ಲಿ ಅದಕ್ಕೆ ಲೇನ್ ಸಿಗುವುದು ಕಷ್ಟ; ಬೆಳಗಿನ ಕೊನೆಯ ಬ್ಯಾಚ್ ಕೇಳಿ ನೋಡಬಹುದು. ಅರ್ಧ ಗಂಟೆ ಬಿರುಸು ನಡಿಗೆ ಒಂದು ವಾರ ನೋವಿಲ್ಲದೆ ಆದ ಮೇಲೆ, ಒಂಟಿಕಾಲ ಕುಪ್ಪಳಿಕೆ ಹತ್ತು ಸಲ ಸುಖವಾಗಿ ಬಂದ ಮೇಲೆ, ದಿನ ಬಿಟ್ಟು ದಿನ 4 ನಿಮಿಷ ನಡಿಗೆ, 1 ನಿಮಿಷ ಓಟ, ಹೀಗೆ ಆರು ಸುತ್ತು. ಮುಂದೆ 3 ಮತ್ತು 2, 2 ಮತ್ತು 3. ಪ್ರತಿ ಹಂತವನ್ನೂ ಎರಡು ಸಲ ನೋವಿಲ್ಲದೆ ಮುಗಿಸಿದರೆ ಮಾತ್ರ ಮುಂದಿನದು. ಈ ಅವಧಿಯಲ್ಲಿ ನೋವಿನ ಮಾತ್ರೆ ಇಲ್ಲ, ಏಕೆಂದರೆ ನೋವೇ ಇಲ್ಲಿ ಅಳತೆಗೋಲು. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಮೂಳೆ ಕೂಡುವುದಿಲ್ಲ, ನೋವಿರುವ ಜಾಗವನ್ನು ಬಿಟ್ಟುಬಿಡಬೇಕು.

ಕಬ್ಬಿಣದ ಮಾತ್ರೆ ವೈದ್ಯರು ಹೇಳಿದಂತೆ ದಿನ ಬಿಟ್ಟು ದಿನ. ಇಲ್ಲಿ ನಮ್ಮೂರಿನ ಒಂದು ಅಡ್ಡಿ ಇದೆ. ಓಟ ಮುಗಿಸಿ ಎಲ್ಲರೂ ನಿಲ್ಲುವುದು ಫಿಲ್ಟರ್ ಕಾಫಿಗೆ, ಮತ್ತು ಕಾಫಿ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ವ್ಯಾಯಾಮದ ಬಳಿಕ ಮೂರರಿಂದ ಆರು ಗಂಟೆಯ ಹೊತ್ತಿಗೆ ದೇಹವೇ ಹೆಪ್ಸಿಡಿನ್ ಎಂಬ ಹಾರ್ಮೋನಿನಿಂದ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಹಾಗಾಗಿ ತಾಲೀಮು ಮುಗಿದ ಅರ್ಧ ಗಂಟೆಯೊಳಗೆ ನಿಂಬೆ ನೀರಿನ ಜೊತೆ ಮಾತ್ರೆ, ಕಾಫಿ ಒಂದು ಗಂಟೆಯ ಮೇಲೆ. ಕಾಫಿ ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ತಡ ಮಾಡಿ ಎಂದರೆ ಕೇಳುತ್ತಾರೆ.

ಎರಡನೇ ಸೀಸನ್: ಓಟ ಇಳಿಸದೆ

ಬದಲಾವಣೆ ಗೋವಾ ಮುಗಿದ ಮೇಲೆ ಶುರುವಾಗಲಿಲ್ಲ, ಜೂನ್‌ನಲ್ಲೇ ಶುರುವಾಯಿತು. ಮ್ಯಾರಥಾನಿಗೆ ಬೇಕಾದ ಮೂಳೆಯನ್ನು ಟ್ರಯಾಥ್ಲಾನ್ ತಿಂಗಳುಗಳಲ್ಲೇ ಕಟ್ಟಿಟ್ಟುಕೊಳ್ಳಬೇಕು. ವಾರಕ್ಕೆ ಮೂರು ಓಟದ ಬದಲು ಐದು, ಅವುಗಳಲ್ಲಿ ಎರಡು ಬರೀ 20 ನಿಮಿಷದವು. ಅಷ್ಟು ಚಿಕ್ಕ ಓಟದಿಂದ ದಮ್ಮಿಗೆ ಹೆಚ್ಚೇನೂ ಸಿಗದು, ಮೂಳೆಗೆ ಸಿಗುತ್ತದೆ: ಮೂಳೆಯ ಜೀವಕೋಶಗಳು ಸ್ವಲ್ಪ ಹೊತ್ತಿನ ಹೊಡೆತಕ್ಕೇ ಎಚ್ಚೆತ್ತು, ಆಮೇಲೆ ಮಂದವಾಗುತ್ತವೆ, ಕೆಲವು ಗಂಟೆ ಬಿಟ್ಟರೆ ಮತ್ತೆ ಸ್ಪಂದಿಸುತ್ತವೆ. ಒಂದೇ ದೊಡ್ಡ ಓಟಕ್ಕಿಂತ ಹಲವು ಸಣ್ಣ ಓಟ ಅವಕ್ಕೆ ಹಿತ. ವಾರದ ಮೊತ್ತ ನಿಧಾನವಾಗಿ 38 ಕಿ.ಮೀ.ಗೆ ಬಂತು, ಎರಡು ವಾರಕ್ಕೊಮ್ಮೆ 20 ಕಿ.ಮೀ. ಲಾಂಗ್ ರನ್.

ಆ ಸಮಯ ಎಲ್ಲಿಂದ ಬಂತು? ಸೈಕಲ್ಲಿನಿಂದ. ಮೂರು ಸವಾರಿ ಎರಡಾಯಿತು. ಮಂಗಳವಾರ ಮನೆಯಲ್ಲೇ ಟ್ರೇನರ್ ಮೇಲೆ 60 ನಿಮಿಷ, ನಡುವೆ 6 ನಿಮಿಷದ ನಾಲ್ಕು ಗಟ್ಟಿ ಸುತ್ತು, ಪ್ರತಿ ಸುತ್ತಿನ ನಡುವೆ 3 ನಿಮಿಷ ಸಡಿಲ. ಶನಿವಾರ 70ರಿಂದ 90 ಕಿ.ಮೀ., ಬೆಳಗ್ಗೆ ಏಳೂವರೆಯೊಳಗೆ ನಗರದ ಅಂಚಿಗೆ ವಾಪಸ್. ಗುಂಡಿ, ಹಂಪು, ಸಿಗ್ನಲ್ಲುಗಳ ಈ ಊರಿನಲ್ಲಿ ಟ್ರೇನರ್‌ನ ಒಂದು ಗಂಟೆ ರಸ್ತೆಯ ಒಂದೂವರೆ ಗಂಟೆಗೆ ಸಮ, ಮಳೆಗಾಲದಲ್ಲಂತೂ ಇನ್ನೂ ಲಾಭ.

ಮೊದಲ ಸೀಸನ್ನಿನ ಸವಾರಿಗಳಲ್ಲಿ ಇನ್ನೊಂದು ತಪ್ಪು ಅಡಗಿತ್ತು. ಓಟದ ಎದೆಬಡಿತದ ಝೋನ್‌ಗಳನ್ನೇ (ಶ್ರಮದ ಮಟ್ಟಗಳನ್ನೇ) ಸೈಕಲ್ಲಿಗೂ ಹಾಕಿಕೊಂಡಿದ್ದರು. ಅದೇ ಶ್ರಮಕ್ಕೆ ಸೈಕಲ್ಲಿನಲ್ಲಿ ಬಡಿತ ಸಾಮಾನ್ಯವಾಗಿ 5ರಿಂದ 10 ಕಡಿಮೆ. ಇವರ ಥ್ರೆಶೋಲ್ಡ್ (ಸುಮಾರು ಒಂದು ಗಂಟೆ ತಾಳಬಲ್ಲ ಗಟ್ಟಿ ಶ್ರಮದ ಬಡಿತ) ಓಟದಲ್ಲಿ 172, ಸೈಕಲ್ಲಿನಲ್ಲಿ 163. ಸಲೀಸು ಎಂದುಕೊಂಡು 150ರಲ್ಲಿ ತುಳಿದದ್ದೆಲ್ಲ ಅರೆಗಟ್ಟಿ ಸವಾರಿಯಾಗಿತ್ತು, ಭಾನುವಾರದ ಓಟ ಯಾಕೆ ಸದಾ ಭಾರ ಎಂಬುದಕ್ಕೆ ಉತ್ತರ ಅಲ್ಲಿತ್ತು. ಹೊಸ ಮಿತಿ 140.

ಈಜು ಎರಡೇ ದಿನ, ಬಸವನಗುಡಿಯ 50 ಮೀಟರ್ ಕೊಳದಲ್ಲಿ. ಗೋವಾದ ಬೆಚ್ಚನೆ ನೀರಿನಲ್ಲಿ ವೆಟ್‌ಸೂಟ್ (ತೇಲಲು ನೆರವಾಗುವ ರಬ್ಬರ್ ಉಡುಪು) ನೆಚ್ಚಿಕೊಳ್ಳುವಂತಿಲ್ಲ, ನಮ್ಮ ಕೆರೆಗಳು ಅಭ್ಯಾಸಕ್ಕೆ ಯೋಗ್ಯವಲ್ಲ. ಕೊಳದಲ್ಲೇ ಎಂಟು ಕೈಗೊಮ್ಮೆ ಕಣ್ಣು ಮೇಲೆತ್ತಿ ಎದುರಿನ ಗಡಿಯಾರ ನೋಡುವುದು, ತುದಿಯಲ್ಲಿ ಗೋಡೆ ಮುಟ್ಟದೆ ತಿರುಗುವುದು, ಇವೆರಡು ಸಾಕಾದವು.

ಸೈಕಲ್ ಇಳಿದ ಕೂಡಲೇ ಓಡುವ ಬ್ರಿಕ್ ಓಟ 6 ಕಿ.ಮೀ. ದಾಟಿಸಲಿಲ್ಲ. ದಣಿದ ಸ್ನಾಯು ಹೊಡೆತ ಹೀರುವುದಿಲ್ಲ, ಅದು ಮೂಳೆಗೇ ಹೋಗುತ್ತದೆ. ಕಾಲು ಕಲಿಯಬೇಕಾದದ್ದು ಮೊದಲ ಎರಡು ಕಿ.ಮೀ.ನಲ್ಲೇ ಮುಗಿದಿರುತ್ತದೆ.

ವಾರಕ್ಕೆರಡು ಸಲ 25 ನಿಮಿಷ ಮೆಟ್ಟಿಲ ಅಂಚಿನ ಮೇಲೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು: ಮಂಡಿ ನೇರ ಇಟ್ಟು 12ರ ಮೂರು ಸರದಿ, ಮಂಡಿ ಬಾಗಿಸಿ ಮತ್ತೆ ಮೂರು. ಬಾಗಿಸಿ ಮಾಡುವುದನ್ನು ಹೆಚ್ಚಿನವರು ಬಿಡುತ್ತಾರೆ, ಮೂಳೆಗೆ ಅಂಟಿಕೊಂಡಿರುವ ಒಳಗಿನ ಸ್ನಾಯುವಿಗೆ ಕೆಲಸ ಬರುವುದೇ ಅದರಲ್ಲಿ. ಎರಡು ತಿಂಗಳಿಗೆ ಬೆನ್ನಚೀಲದಲ್ಲಿ 10 ಕೆ.ಜಿ. ಅಕ್ಕಿ ಸೇರಿತು.

ಸವಾರಿಯ ಊಟವೂ ಬದಲಾಯಿತು. ಹೊರಡುವ ಮೊದಲು ಎರಡು ಸ್ಲೈಸ್ ಬ್ರೆಡ್‌ಗೆ ಜಾಮ್. ಆಮೇಲೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್: ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆ, ಜೊತೆಗೆ ಎರಡು ಏಲಕ್ಕಿ ಬಾಳೆ, ಅಥವಾ 30 ಗ್ರಾಂ ಬೆಲ್ಲ. ಬರೀ ಓಆರ್‌ಎಸ್ ನೆಚ್ಚಿಕೊಳ್ಳುವವರು ಗಮನಿಸಬೇಕು, ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪಿಗೆ, ಶಕ್ತಿಗಲ್ಲ. ಮನೆಗೆ ಬಂದ ಒಂದು ಗಂಟೆಯೊಳಗೆ ಪೂರ್ತಿ ಊಟ, ಮೊಸರನ್ನ ಸೇರಿ.

ಗೋವಾ ಮುಗಿದ ಹತ್ತು ವಾರ

ಮೊದಲ ವಾರ ಓಟವಿಲ್ಲ, ಈಜು ಮತ್ತು ಹಗುರ ತುಳಿತ. ಎರಡನೇ ವಾರ ನಾಲ್ಕು ಓಟ ಸೇರಿ 25 ಕಿ.ಮೀ. ಮೂರನೆಯದು 38, ಅದರಲ್ಲಿ ಲಾಂಗ್ ರನ್ 18. ನಾಲ್ಕನೆಯದು 44, ಲಾಂಗ್ ರನ್ 24. ಐದನೆಯದು 48, ಲಾಂಗ್ ರನ್ 28. ಆರನೇ ವಾರ ಬೇಕೆಂದೇ 36ಕ್ಕೆ ಇಳಿಕೆ. ಏಳನೆಯದು 50, ಲಾಂಗ್ ರನ್ 30. ಎಂಟನೆಯದು 44: ಲಾಂಗ್ ರನ್ 24, ಅದರಲ್ಲಿ 14 ಮ್ಯಾರಥಾನ್ ವೇಗದಲ್ಲಿ. ಒಂಬತ್ತನೆಯದು 30, ಹತ್ತನೇ ಭಾನುವಾರ ಸ್ಪರ್ಧೆ. ಮೂರನೇ ವಾರದ ಅಂಕಿ ಹಳೆಯ ಸೀಸನ್ನಿನ ಎರಡನೇ ವಾರದಂತೆಯೇ ಕಾಣುತ್ತದೆ, ಆದರೆ ಆಗ 38 ಎಂಬುದು 26ರಿಂದ ಹಾರಿದ್ದು, ಈಗ ಜೂನ್‌ನಿಂದ ಕಟ್ಟಿದ ಮಟ್ಟಕ್ಕೆ ಮರಳಿದ್ದು.

32, 35 ಕಿ.ಮೀ. ಲಾಂಗ್ ರನ್ ಇಲ್ಲದೆ ಮ್ಯಾರಥಾನ್ ಆಗುತ್ತದೆಯೇ ಎಂದು ಗುಂಪಿನಲ್ಲಿ ಎಲ್ಲರೂ ಕೇಳಿದರು. ಸೈಕಲ್ ಇರುವವರಿಗೆ ಆಗುತ್ತದೆ. ಶನಿವಾರ ಎರಡು ಗಂಟೆ ತುಳಿದು, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ವಾಹನಗಳಿಲ್ಲದ ರಸ್ತೆಯಲ್ಲಿ 28 ಓಡಿದರೆ, ಓಟ ಶುರುವಾಗುವುದೇ ಅರೆದಣಿದ ಕಾಲಿನಲ್ಲಿ. 30ರ ನಂತರದ ದಣಿವು ಮೊದಲೇ ಸಿಗುತ್ತದೆ, ಅಷ್ಟು ಹೆಜ್ಜೆಯ ಬೆಲೆ ತೆರದೆ. ಎರಡು ತಾಲೀಮುಗಳನ್ನು ಜೋಡಿಸುವುದರಿಂದ ನಿಜವಾಗಿ ದಕ್ಕುವ ಲಾಭ ಇದೊಂದೇ ಎಂದರೂ ತಪ್ಪಾಗದು. ಅದನ್ನೇ ಮೊದಲ ಸೀಸನ್ನಿನಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದರು.

ಫಲ ಹೀಗೆ. ಗೋವಾದಲ್ಲಿ ಸೈಕಲ್ ಹಿಂದಿನದಕ್ಕಿಂತ 9 ನಿಮಿಷ ನಿಧಾನ, ಓಟ 6 ನಿಮಿಷ ಬೇಗ. ಮುಂಬಯಿಯಲ್ಲಿ 4 ಗಂಟೆ 17 ನಿಮಿಷ. ಮೊದಲರ್ಧ 2 ಗಂಟೆ 4 ನಿಮಿಷ, ಎರಡನೆಯದು 2 ಗಂಟೆ 13. ಬೆಂಗಳೂರಿನ ಡಿಸೆಂಬರಿನ ಚಳಿಯಲ್ಲಿ ಪಳಗಿದ ವೇಗವನ್ನೇ ಕರಾವಳಿಯ ಸೆಕೆಯಲ್ಲಿ ಹಿಡಿದದ್ದಕ್ಕೆ ಪೆಡ್ಡರ್ ರಸ್ತೆಯ ಏರಿನಲ್ಲಿ ಬೆಲೆ ತೆತ್ತರು. ಕೊನೆಯ ಎರಡು ವಾರ ತಾಲೀಮಿನ ಬಳಿಕ ಅರ್ಧ ಗಂಟೆ ಬಿಸಿನೀರ ತೊಟ್ಟಿಯಲ್ಲಿ ಕೂರುವುದು, ಫ್ಯಾನ್ ಹಾಕದೆ ಟ್ರೇನರ್ ತುಳಿಯುವುದು ಯೋಜನೆಯಲ್ಲಿತ್ತು. ಬ್ಯಾಂಕ್ ಕೆಲಸದ ನಡುವೆ ಅದು ಮೂರೇ ದಿನ ಆಯಿತು. ಮೊದಲ 10 ಕಿ.ಮೀ. ದೂರವನ್ನು ಕಿ.ಮೀ.ಗೆ 6 ನಿಮಿಷ 5 ಸೆಕೆಂಡಿನಂತೆ ಓಡಿದ್ದರೆ ಕೆಲವು ನಿಮಿಷ ಉಳಿಯುತ್ತಿತ್ತು.

ಕಾಲು ನೋಯಲಿಲ್ಲ. ಮುಟ್ಟು 29 ದಿನಕ್ಕೆ ಬಂದಿದೆ, ತೂಕ 58. ಫೆರಿಟಿನ್ 38ಕ್ಕೆ ಏರಿದೆ, ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಬೇಕು. ವಾಚಿನ ಲೋಡ್ ಪುಟವನ್ನು ಇವರು ಈಗ ತೆರೆಯುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದೊಳಗೆ ಆ ವಾರ ಓಡಿದ ಹೆಜ್ಜೆಗಳ ಅಂಕಿಯೊಂದನ್ನೇ ಬರೆದಿಡುತ್ತಾರೆ.